ಹೂವಿನ ಲೆಕ್ಕ, ಹಾಳೆಯ ಲೆಕ್ಕ



ಬಸವನಗುಡಿಯ ಗಾಂಧಿ ಬಜಾರ್ ನಿಮಗೆ ಗೊತ್ತು. ಅಲ್ಲಿ ಒಬ್ಬ ತಾಯಿ ಹೂ ಮಾರುತ್ತಾರೆ. ಅವರ ಮಗಳು ನಮ್ಮ ಶಾಲೆಯಲ್ಲಿ ಆರನೇ ತರಗತಿ. ಶಾಲೆ ಬಿಟ್ಟ ಮೇಲೆ ಅಮ್ಮನ ಪಕ್ಕ ಕೂರುತ್ತಾಳೆ.

ಒಂದು ಸಂಜೆ ನಾವು ಹೂ ಕೊಳ್ಳಲು ಹೋದೆವು. ಮಲ್ಲಿಗೆ ಮೊಳಕ್ಕೆ 30 ರೂಪಾಯಿ. ಎರಡೂವರೆ ಮೊಳ ಕೇಳಿ 100 ರೂಪಾಯಿ ನೋಟು ಕೊಟ್ಟೆವು. ಹುಡುಗಿ ಹೂ ಅಳೆದಳು. ಅಷ್ಟರಲ್ಲೇ 25 ರೂಪಾಯಿ ಚಿಲ್ಲರೆಯನ್ನೂ ಎಣಿಸಿಟ್ಟಳು.

ತಾಯಿ ಹೇಳಿದರು: "ನೋಡಿ ಟೀಚರಮ್ಮ, ಇವಳಿಗೆ ಲೆಕ್ಕ ಎಲ್ಲಾ ಬರುತ್ತೆ. ಇನ್ನು ಸ್ಕೂಲು ಯಾಕೆ? ಬಿಡಿಸಿಬಿಡೋಣ ಅಂತಿದೀನಿ."

ನಾವು ತಕ್ಷಣ ಉತ್ತರ ಕೊಡಲಿಲ್ಲ. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು.

ಬದುಕು ಕಲಿಸುವ ಪಾಠ

ಹೂ ಬಾಡದಂತೆ ಒದ್ದೆ ಬಟ್ಟೆ ಮುಚ್ಚುವುದು ಆ ಹುಡುಗಿಗೆ ಗೊತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ಬೆಲೆ ಏರುವುದು ಗೊತ್ತು. ಗಿರಾಕಿಯ ಹತ್ತಿರ ಹೇಗೆ ಮಾತಾಡಬೇಕು, ಅದೂ ಗೊತ್ತು. ಇದೆಲ್ಲ ಅಮ್ಮ ಕಲಿಸಿದ ಪಾಠ.

ಆದರೆ ತರಗತಿಯಲ್ಲಿ ಇದೇ ಲೆಕ್ಕವನ್ನು ಅವಳು ತಪ್ಪು ಮಾಡಿದ್ದಳು. 30ನ್ನು 2.5ರಿಂದ ಗುಣಿಸಲು ಹೇಳಿದ್ದೆವು. ಅವಳು 750 ಎಂದು ಬರೆದಿದ್ದಳು. ಈ ಹುಡುಗಿಗೆ ಲೆಕ್ಕ ಬರುವುದಿಲ್ಲ ಎಂದುಕೊಂಡಿದ್ದೆವು. ಆ ತಪ್ಪು ನಮ್ಮದು.

ಮರುದಿನ ಕೇಳಿದೆವು: "ಎರಡೂವರೆ ಮೊಳಕ್ಕೆ 750 ರೂಪಾಯಿ ಯಾರಾದ್ರೂ ಕೊಡ್ತಾರೇನೇ?"

"ಅಯ್ಯೋ ಮಿಸ್, 75!" ಎಂದು ನಕ್ಕಳು. ತಾನೇ ತಿದ್ದಿದಳು.

ಇದು ಅವಳೊಬ್ಬಳ ಕಥೆ ಅಲ್ಲ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತ, ದೆಹಲಿಯ ಮಕ್ಕಳನ್ನು ಪರೀಕ್ಷಿಸಿದರು. ಮಾರುಕಟ್ಟೆಯಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. 2025ರಲ್ಲಿ ಫಲಿತಾಂಶ ಪ್ರಕಟವಾಯಿತು. ವ್ಯಾಪಾರದ ಮಕ್ಕಳು ಬಾಯಿಲೆಕ್ಕದಲ್ಲಿ ಗಟ್ಟಿ, ಶಾಲೆಯ ಲೆಕ್ಕದಲ್ಲಿ ಹಿಂದೆ. ವ್ಯಾಪಾರ ಮಾಡದ ಶಾಲೆಯ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಮುಂದೆ, ವ್ಯಾಪಾರದ ಲೆಕ್ಕದಲ್ಲಿ ಹಿಂದೆ. ಹಾಗಾದರೆ ಎರಡೂ ಬೇಕು ತಾನೆ?

ಶಾಲೆ ಕಲಿಸುವ ಪಾಠ

ಆ ತಾಯಿ ಬೆಳಿಗ್ಗೆ 900 ರೂಪಾಯಿ ಸಾಲ ತಂದು ಹೂ ಕೊಳ್ಳುತ್ತಿದ್ದರು. ಸಂಜೆ 1,000 ತೀರಿಸುತ್ತಿದ್ದರು. "ದಿನಕ್ಕೆ ನೂರೇ ತಾನೆ" ಅನ್ನುತ್ತಿದ್ದರು. ಮಗಳು ಹಾಳೆಯ ಮೇಲೆ ಬರೆದಳು. ತಿಂಗಳಿಗೆ 26 ದಿನ ವ್ಯಾಪಾರ. 26 ನೂರು, ಅಂದರೆ 2,600.

"ಅಮ್ಮಾ, 900 ರೂಪಾಯಿ ಸಾಲಕ್ಕೆ 2,600 ಬಡ್ಡಿ ಕೊಡ್ತಿದೀವಿ!"

ತಾಯಿ ಸುಮ್ಮನೆ ಕೂತುಬಿಟ್ಟರು. ಆ ದಿನದ ಲೆಕ್ಕ ಅವರ ಬಾಯಲ್ಲಿತ್ತು. ತಿಂಗಳ ಲೆಕ್ಕ ಹಾಳೆಯ ಮೇಲೆ ಬಂದಾಗಲೇ ಕಣ್ಣಿಗೆ ಕಂಡಿತು.

ಮಗಳು ಇನ್ನೊಂದು ಲೆಕ್ಕ ಬರೆದಳು. ದಿನಕ್ಕೆ 50 ರೂಪಾಯಿ ಎತ್ತಿಟ್ಟರೆ 18 ದಿನಕ್ಕೆ 900. ಆಮೇಲೆ ಸ್ವಂತ ಬಂಡವಾಳ.

ಹುಡುಗಿ ಶಾಲೆ ಬಿಡಲಿಲ್ಲ.

6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಸಿಗಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಹೀಗೆ ಹೇಳುತ್ತದೆ. ಮಗುವಿನ ಹಗಲು ಶಾಲೆಯದು. ಸಂಜೆ ನಿಮ್ಮ ಪಕ್ಕ ಕೂತು ಕಲಿಯುವುದೂ ಪಾಠವೇ. ಆದರೆ ಆಟಕ್ಕೆ, ಓದಿಗೆ, ನಿದ್ದೆಗೆ ಹೊತ್ತು ಉಳಿಯಬೇಕು.

ಮಾಡಿ ನೋಡಿ

ನೀವು ಬಾಯಲ್ಲಿ ಮಾಡುವ ಒಂದು ಲೆಕ್ಕವನ್ನು ಇಂದು ಹಾಳೆಯ ಮೇಲೆ ಬರೆಯಿರಿ. ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಗೊತ್ತಿಲ್ಲದ್ದನ್ನು ನೀವು ಹೇಳಿಕೊಡಿ. ನಿಮಗೆ ಗೊತ್ತಿಲ್ಲದ್ದನ್ನು ಅವರಿಂದ ಕೇಳಿ.