ಏಜೆಂಟ್ ಕಣ್ಣಿಗೆ ಬೀಳದ ಫೋಲ್ಡರ್

ಸರ್ವರ್ ಕೋಡ್‌ನಲ್ಲಿ ಗ್ರಾಹಕರ ವಿವರದ ಜೊತೆ ‘ಫೋನ್’ ಎಂದಿದ್ದ ಹೆಸರನ್ನು ‘ಮೊಬೈಲ್’ ಎಂದು ಬದಲಿಸಲು ಎಐ ಏಜೆಂಟ್‌ಗೆ ಹೇಳಿ ನೋಡಿ. ಅದು ಸಂಬಂಧಪಟ್ಟ ಫೈಲುಗಳನ್ನೆಲ್ಲ ಹುಡುಕಿ ತಿದ್ದಿ, ಟೆಸ್ಟ್‌ಗಳನ್ನು ಓಡಿಸಿ, ಕೆಲಸ ಮುಗಿಯಿತು ಎನ್ನುತ್ತದೆ. ಟೆಸ್ಟ್‌ಗಳೆಲ್ಲ ಪಾಸ್. ಆದರೆ ಆ ಸರ್ವರನ್ನೇ ನಂಬಿಕೊಂಡ ಆ್ಯಪ್ ಇನ್ನೂ ‘ಫೋನ್’ ಎಂದೇ ಕೇಳುತ್ತಿರುತ್ತದೆ. ಪರದೆಯಲ್ಲಿ ನಂಬರ್ ಕಾಣಬೇಕಾದ ಜಾಗ ಖಾಲಿ. ಆ್ಯಪ್‌ನ ಕೋಡ್ ಬೇರೊಂದು ರೆಪೊಸಿಟರಿಯಲ್ಲಿದೆ, ಏಜೆಂಟ್‌ಗೆ ನಾವು ತೆರೆದುಕೊಟ್ಟದ್ದು ಸರ್ವರ್ ಫೋಲ್ಡರನ್ನು ಮಾತ್ರ.

ರೆಪೊಸಿಟರಿ ಅಥವಾ ರೆಪೊ ಎಂದರೆ ಒಂದು ತಂತ್ರಾಂಶದ ಕೋಡ್ ಮತ್ತು ಅದಕ್ಕೆ ಆದ ಬದಲಾವಣೆಗಳ ಚರಿತ್ರೆ ಒಟ್ಟಿಗಿರುವ ಸಂಗ್ರಹ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ಗಾಗಿ ಬರೆದ ಗಿಟ್ ಇಂದು ಈ ಕೆಲಸಕ್ಕೆ ಎಲ್ಲೆಡೆ ಬಳಕೆಯಲ್ಲಿದೆ. ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ಬರೆದಂತೆ, ಆ ಕಂಪನಿಯ ಬಹುಪಾಲು ಕೋಡ್, ಸುಮಾರು 200 ಕೋಟಿ ಸಾಲು, ಒಂದೇ ರೆಪೊದಲ್ಲಿತ್ತು. ಅದೇ ಕಂಪನಿಯ ಆಂಡ್ರಾಯ್ಡ್ ಮಾತ್ರ ನೂರಾರು ಗಿಟ್ ರೆಪೊಗಳಲ್ಲಿ ಹರಡಿಕೊಂಡಿದೆ. ಯಾವ ರೆಪೊ ಯಾವ ಫೋಲ್ಡರಿಗೆ ಎಂಬ ಪಟ್ಟಿ ಮ್ಯಾನಿಫೆಸ್ಟ್ ಎಂಬ ಫೈಲಿನಲ್ಲಿರುತ್ತದೆ. ಒಂದು ಕಮಾಂಡ್ ಕೊಟ್ಟರೆ ಎಲ್ಲವೂ ಇಳಿದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ಏಜೆಂಟ್‌ಗಳಿಗೂ ಬೇಕಾದದ್ದು ಇಂಥದೇ ಏರ್ಪಾಡು: ಒಂದು ತಾಯಿ ಫೋಲ್ಡರ್, ಅದರೊಳಗೆ ಸರ್ವರ್, ವೆಬ್‌ಸೈಟ್, ಆ್ಯಪ್‌ಗಳ ರೆಪೊಗಳು ಅಕ್ಕಪಕ್ಕ. ತಾಯಿ ಫೋಲ್ಡರನ್ನೂ ಒಂದು ಪುಟ್ಟ ರೆಪೊ ಮಾಡಿಟ್ಟರೆ ಇಡೀ ತಂಡಕ್ಕೆ ಒಂದೇ ವ್ಯವಸ್ಥೆ ಸಿಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಒಳಗಿನ ರೆಪೊಗಳು ತಾಯಿ ರೆಪೊದ ಲೆಕ್ಕಕ್ಕೆ ಬರಬಾರದೆಂದು ಅವುಗಳ ಹೆಸರನ್ನು ‘ಗಿಟ್‌ಇಗ್ನೋರ್’ ಫೈಲಿನಲ್ಲಿ ಬರೆಯುತ್ತಾರೆ. ಹಲವು ಏಜೆಂಟ್‌ಗಳು ಕೋಡ್ ಹುಡುಕಲು ಬಳಸುವ ರಿಪ್‌ಗ್ರೆಪ್ ಎಂಬ ಸಾಧನವೂ ಅದೇ ಫೈಲನ್ನು ಓದುತ್ತದೆ. ಅಲ್ಲಿ ಹೆಸರಿರುವ ಫೋಲ್ಡರಿನೊಳಗೆ ಕಾಲಿಡುವುದೇ ಇಲ್ಲ. ಕೋಡ್ ಪಕ್ಕದಲ್ಲೇ ಇದ್ದರೂ ‘ಈ ಹೆಸರು ಬೇರೆಲ್ಲೂ ಇಲ್ಲ’ ಎಂಬ ವರದಿ ಬರುತ್ತದೆ. ‘ಇಗ್ನೋರ್’ ಎಂಬ ಇನ್ನೊಂದು ಫೈಲಿನಲ್ಲಿ ಅದೇ ಫೋಲ್ಡರುಗಳ ಹೆಸರಿನ ಮೊದಲಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿಟ್ಟರೆ ರಿಪ್‌ಗ್ರೆಪ್ ಅವುಗಳೊಳಗೂ ಹುಡುಕುತ್ತದೆ. ಗಿಟ್‌ಗೆ ಆ ಫೈಲಿನ ಗೊಡವೆಯಿಲ್ಲ.

ಕಂಡ ಮಾತ್ರಕ್ಕೆ ಅರ್ಥವಾಗುತ್ತದೆ ಎಂದಲ್ಲ. ಏಜೆಂಟ್‌ನ ಹಿಂದಿರುವ ಭಾಷಾ ಮಾದರಿ ಒಂದು ಸಲಕ್ಕೆ ಗಮನದಲ್ಲಿಡಬಲ್ಲ ಪಠ್ಯಕ್ಕೆ ಮಿತಿಯಿದೆ. ಎಲ್ಲ ರೆಪೊಗಳನ್ನೂ ಓದಿಸಹೊರಟರೆ ಮುಖ್ಯವಾದದ್ದೇ ಕಳೆದುಹೋಗುತ್ತದೆ. ಅದಕ್ಕೇ ತಾಯಿ ಫೋಲ್ಡರಿನಲ್ಲಿ ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಚಿಕ್ಕ ಫೈಲ್ ಇಡುವ ರೂಢಿ 2025ರಿಂದ ಹಬ್ಬಿದೆ. ಯಾವ ರೆಪೊ ಏನು ಮಾಡುತ್ತದೆ, ಯಾವುದು ಯಾವುದನ್ನು ಅವಲಂಬಿಸಿದೆ, ಟೆಸ್ಟ್ ಓಡಿಸುವ ಕಮಾಂಡ್ ಯಾವುದು, ಇಷ್ಟು ಬರೆದರೆ ಸಾಕು. ನನ್ನ ಮಟ್ಟಿಗೆ ಅದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಬದಲಾವಣೆಯ ಕ್ರಮ ಹೇಳುವಂಥದ್ದು: ‘ಮೊದಲು ಸರ್ವರ್ ಹಳೆಯ, ಹೊಸ ಎರಡೂ ಹೆಸರನ್ನು ಕೊಡಲಿ, ಆಮೇಲೆ ಆ್ಯಪ್ ಬದಲಾಗಲಿ, ಹಳೆಯ ಹೆಸರು ತೆಗೆಯುವುದು ಕೊನೆಗೆ.’ ಗಿಟ್‌ನಲ್ಲಿ ಎರಡು ರೆಪೊಗಳಿಗೆ ಸೇರಿ ಒಂದೇ ಕಮಿಟ್ (ಬದಲಾವಣೆಯ ದಾಖಲೆ) ಮಾಡಲು ಬರುವುದಿಲ್ಲ. ಜನರ ಫೋನಿನಲ್ಲಿರುವ ಹಳೆಯ ಆ್ಯಪ್ ಸಹ ನಾವು ಹೇಳಿದ ದಿನವೇ ಅಪ್‌ಡೇಟ್ ಆಗುವುದಿಲ್ಲ. ಈ ಸಾಲು ಇಲ್ಲದಿದ್ದರೆ ಏಜೆಂಟ್ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿಬಿಡುತ್ತದೆ.

ಎರಡು ಮೂರು ಏಜೆಂಟ್‌ಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಿದಾಗ ಒಂದು ತಿದ್ದುತ್ತಿರುವ ಫೈಲನ್ನು ಇನ್ನೊಂದು ಅಳಿಸುವ ಅಪಾಯವಿದೆ. 2015ರಲ್ಲಿ ಗಿಟ್‌ಗೆ ಸೇರಿದ ‘ವರ್ಕ್‌ಟ್ರೀ’ ಇಲ್ಲಿ ನೆರವಿಗೆ ಬರುತ್ತದೆ. ಕಣಜ ಒಂದೇ, ಒಲೆ ಬೇರೆ ಬೇರೆ ಎಂಬಂತೆ, ರೆಪೊದ ಚರಿತ್ರೆ ಒಂದೇ ಕಡೆ ಇದ್ದು ಪ್ರತಿ ಏಜೆಂಟ್‌ಗೂ ತನ್ನದೇ ಫೋಲ್ಡರ್, ತನ್ನದೇ ಬ್ರಾಂಚ್ (ಬದಲಾವಣೆಗಳ ಕವಲು) ಸಿಗುತ್ತದೆ. ಒಂದೇ ಬ್ರಾಂಚನ್ನು ಎರಡು ಕಡೆ ತೆರೆಯಲು ಹೋದರೆ ಗಿಟ್ ತಾನಾಗಿ ತಡೆಯುತ್ತದೆ. ಪಾಸ್‌ವರ್ಡ್, ಕೀಗಳನ್ನಿಡುವ ‘ಎನ್ವ್’ ಫೈಲ್ ಸಾಮಾನ್ಯವಾಗಿ ಗಿಟ್‌ನ ಲೆಕ್ಕದಲ್ಲಿರುವುದಿಲ್ಲ, ಹಾಗಾಗಿ ಹೊಸ ವರ್ಕ್‌ಟ್ರೀಗೆ ಅದು ಬರುವುದೂ ಇಲ್ಲ. ಪ್ರೋಗ್ರಾಂ ಓಡುತ್ತಿಲ್ಲವೆಂದು ಅಸಲಿ ಫೈಲನ್ನೇ ಅಲ್ಲಿಗೆ ನಕಲಿಸುವ ಆತುರ ಬೇಡ. ಏಜೆಂಟ್‌ಗೆಂದೇ ಪರೀಕ್ಷಾ ಡೇಟಾಬೇಸಿನ ಕೀ ಇರುವ ಬೇರೆ ಫೈಲ್ ಮಾಡಿ, ಅದನ್ನು ಮಾತ್ರ ಕೊಡಿ.