ಮುದ್ದೆ ಉಣ್ಣುವ ಕಾವಲುಗಾರ

ಸೆಟ್ಟೂರಿನ ಹೊರಗೆ ಕಡಲೆಕಾಯಿ ಕಿತ್ತು ಮುಗಿದ ಹೊಲ. ಗೊಬ್ಬರಕ್ಕೆಂದು ಹೊಲದ ಯಜಮಾನ ಮೂರು ರಾತ್ರಿ ಅಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡಿದ್ದ. ಕುರಿ ನೋಡಲೆಂದು ಹೋದ ನನಗೆ ಈಗ ಕಣ್ಣು ಮುಚ್ಚಿದರೆ ಕಾಣುವುದು ಆ ಮಂದೆಯ ನಾಯಿ.

ಬದುವಿನ ಮೇಲೆ ಮಲಗಿದ್ದ ಮಣ್ಣಿನ ಬಣ್ಣದ ನಾಯಿ, ನಾನು ದೂರದಲ್ಲಿದ್ದಷ್ಟು ಹೊತ್ತೂ ತಲೆ ಎತ್ತಲಿಲ್ಲ. ಮಂದೆ ಹದಿನೈದು ಮಾರು ಇದೆ ಅನ್ನುವಾಗ ಎದ್ದು ಬಂದು, ನನಗೂ ಕುರಿಗಳಿಗೂ ನಡುವೆ ಅಡ್ಡ ನಿಂತಿತು. ಬೊಗಳಲಿಲ್ಲ. ಬಾಲ ಬೆನ್ನಿಗಿಂತ ಮೇಲೆ ನಿಗುರಿತ್ತು, ತುದಿ ಮಾತ್ರ ಸಣ್ಣಗೆ ಆಡುತ್ತಿತ್ತು. ಬಾಲ ಆಡಿಸುವ ನಾಯಿಯೆಲ್ಲ ಸ್ನೇಹದ ನಾಯಿ ಎಂದು ನಂಬಿದವರು ಕಚ್ಚಿಸಿಕೊಳ್ಳುವುದು ಇಂಥ ಕಡೆಯೇ. ಸೊಂಟದ ಸಮೇತ ಸಡಿಲವಾಗಿ ಆಡುವ ಬಾಲ ಬೇರೆ, ನಿಗುರಿ ನಿಂತು ತುದಿ ಆಡುವ ಬಾಲ ಬೇರೆ.

“ಕಣ್ಣಲ್ಲಿ ಕಣ್ಣಿಟ್ಟು ನೋಡಬ್ಯಾಡ್ರಿ ಸಾಮಿ. ಪಕ್ಕಕ್ಕೆ ತಿರುಗಿ ನಿಂತ್ಕಳ್ರಿ, ಮೂಸಲಿ” ಎಂದು ಕಂಬಳಿ ಹೊದ್ದ ಕುರಿಗಾಹಿ ಅಜ್ಜ ಕೂಗಿದರು. ನಿಂತೆ. ನಾಯಿ ನನ್ನ ಪಂಚೆಯ ಅಂಚು, ಕೈ, ಚಪ್ಪಲಿ ಎಲ್ಲ ಮೂಸಿ, ಒಮ್ಮೆ ಮೈ ಕೊಡವಿ, ಮತ್ತೆ ಬದು ಹತ್ತಿತು. ಪೇಟೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವ ಆಂಧ್ರ-ಕರ್ನಾಟಕ ಗಡಿ ಇದು. ಅಜ್ಜ ನಾಯಿಯ ಜೊತೆ ಆಡಿದ್ದೆಲ್ಲ ಕನ್ನಡವೇ.

ಸಂಜೆ ಅಜ್ಜ ರಾಗಿ ಮುದ್ದೆಯನ್ನು ಎರಡು ಪಾಲು ಮಾಡಿದರು. ಒಂದು ಪಾಲು ಕಲ್ಲಿನ ಮೇಲೆ ಆರಿತು. ಆರಿದ ಮೇಲೆ ಹುಣಸೆಕಾಯಿ ಗಾತ್ರಕ್ಕೆ ಮುರಿದು, ಮಜ್ಜಿಗೆ ಸುರಿದು ನಾಯಿಯ ಮುಂದಿಟ್ಟರು. “ಇದಕ್ಕೆ ಹಾಕದೆ ನಾನು ತಿಂದ್ರೆ ರಾತ್ರಿ ಕಾಯೋರ್ಯಾರು?” ಪಕ್ಕದ ಮರಿ ಗೂಡಿನಲ್ಲಿ ಏಳೆಂಟು ಕುರಿಮರಿಗಳ ಮಧ್ಯೆ ಒಂದು ನಾಯಿಮರಿ ಮಲಗಿತ್ತು. ಕಣ್ಣು ಬಿಟ್ಟ ಕೆಲವೇ ದಿನಗಳಿಂದ ಅದರ ವಾಸ ಅಲ್ಲೇ ಅಂತೆ.

ಈ ಗೂಡಿನ ಗುಟ್ಟನ್ನು ವಿಜ್ಞಾನಿಗಳೂ ಹೇಳಿದ್ದಾರೆ. ನಾಯಿಮರಿ ಹುಟ್ಟಿ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಯಾರ ಜೊತೆ ಬೆಳೆಯುತ್ತದೋ ಅವರೇ ಅದಕ್ಕೆ ಬಂಧು ಬಳಗ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಯುರೋಪಿನ ಕುರಿಗಾವಲು ನಾಯಿಗಳನ್ನು ಅಮೆರಿಕದ ರೈತರಿಗೆ ಕೊಟ್ಟು ವರ್ಷಗಟ್ಟಲೆ ಗಮನಿಸಿ ಇದೇ ಮಾತಿಗೆ ಬಂದರು. ಪಟ್ಟಣದ ಮನೆಗಳಲ್ಲಿ ಈ ವಾರಗಳನ್ನೇ ನಾವು ಹಾಳು ಮಾಡುತ್ತೇವೆ. ಮರಿಯನ್ನು ಬಾಲ್ಕನಿಯಲ್ಲಿ ಕಟ್ಟಿ, ಜನ, ಮಕ್ಕಳು, ವಾಹನದ ಸದ್ದು ಯಾವುದನ್ನೂ ಪರಿಚಯಿಸದೆ ಬೆಳೆಸಿ, ದೊಡ್ಡದಾದ ಮೇಲೆ “ಎಲ್ಲರ ಮೇಲೂ ಬೀಳುತ್ತದೆ” ಎಂದು ದೂರುತ್ತೇವೆ.

ಇನ್ನು ಮುದ್ದೆಯ ಮಾತು. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಒಲವಿದೆ, ಓದುಗರು ಸಹಿಸಿಕೊಳ್ಳಬೇಕು. “ನಾಯಿ ತೋಳದ ವಂಶ, ಅದಕ್ಕೆ ಮಾಂಸವೇ ಬೇಕು, ಧಾನ್ಯ ಒಗ್ಗದು” ಎಂಬ ಮಾತು ಈಗ ಪೇಟೆಯಲ್ಲೆಲ್ಲ ಕೇಳುತ್ತದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 12 ತೋಳ, 14 ತಳಿಗಳ 60 ನಾಯಿಗಳ ಜೀನುಗಳನ್ನು ಅವರು ಹೋಲಿಸಿದ್ದರು. ಪಿಷ್ಟ ಅರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ಮಾಡುವ ಜೀನು ತೋಳದಲ್ಲಿ ಎರಡೇ ಪ್ರತಿ. ನಾಯಿಯಲ್ಲಿ 4ರಿಂದ 30! ನಾಯಿಯ ಮೇದೋಜೀರಕ ಗ್ರಂಥಿಯಲ್ಲಿ ಆ ಜೀನಿನ ಚಟುವಟಿಕೆ ತೋಳದ್ದಕ್ಕಿಂತ 28 ಪಟ್ಟು. ಬೇಸಾಯ ತಿಳಿಯದ ಜನರ ಜೊತೆ ಬಾಳಿದ ಆಸ್ಟ್ರೇಲಿಯಾದ ಡಿಂಗೋದಲ್ಲಿ ಮಾತ್ರ ಇಂದಿಗೂ ಎರಡೇ ಪ್ರತಿ ಎಂಬುದು ಮುಂದಿನ ಅಧ್ಯಯನಗಳಲ್ಲಿ ತಿಳಿಯಿತು. ಅಂದರೆ ಮನುಷ್ಯ ಬಿತ್ತಿ ಬೆಳೆದು ಉಂಡ ಅನ್ನವನ್ನು ನಾಯಿ ಸಾವಿರಾರು ವರ್ಷ ಹಂಚಿಕೊಂಡು ಉಂಡದ್ದು ಅದರ ರಕ್ತದಲ್ಲೇ ಬರೆದಿದೆ. ಅಜ್ಜನ ಕಲ್ಲಿನ ಮೇಲೆ ಆರುತ್ತಿದ್ದ ಮುದ್ದೆ ನನಗೆ ಆ ಪತ್ರಿಕೆಯ ಪುಟಕ್ಕಿಂತ ದೊಡ್ಡ ಸಾಕ್ಷಿಯಾಗಿ ಕಂಡಿತು.

ಹಾಗೆಂದು ಮುದ್ದೆಯೊಂದೇ ಸಾಕೆಂದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಪ್ರೋಟೀನು ಏಳು ಗ್ರಾಮಿನಷ್ಟೇ. ಬೆಳೆದ ನಾಯಿಯ ಒಣ ಆಹಾರದಲ್ಲಿ ನೂರಕ್ಕೆ ಕನಿಷ್ಠ 18 ಭಾಗ ಪ್ರೋಟೀನು ಬೇಕು, ಮರಿಗೆ 22ಕ್ಕೂ ಹೆಚ್ಚು. ಅದಕ್ಕೆ ಮಜ್ಜಿಗೆಯ ಜೊತೆ ಬೇಯಿಸಿದ ಮೊಟ್ಟೆಯೋ ಮಾಂಸವೋ ಸೇರಬೇಕು. ನಮ್ಮ ಸಾರು ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಈ ಸೀಮೆಯವರು ನೆನಪಿಡಬೇಕಾದ ಇನ್ನೊಂದಿದೆ: ಬೂಷ್ಟು ಹಿಡಿದ ಕಡಲೆಕಾಯಿ, ಅದರ ಹಿಂಡಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ನಾಯಿಯ ಪಿತ್ತಜನಕಾಂಗವನ್ನು ಬಹಳ ಬೇಗ ಕೆಡಿಸುತ್ತದೆ. ಮನುಷ್ಯರಿಗೆ ಬೇಡವಾದದ್ದು ನಾಯಿಗಿರಲಿ ಎಂಬ ಮಾತನ್ನು ಇಲ್ಲಿ ಬಿಡಲೇಬೇಕು.

ಕನ್ನಡಿಗರ ನಾಯಿಪ್ರೀತಿಗೆ ಕಲ್ಲಿನಲ್ಲೇ ಸಾಕ್ಷಿ ಇದೆ. ಕ್ರಿ.ಶ. 949-50ರ ಆತಕೂರು ಶಾಸನದ ಕಥೆ ಬಹಳ ಜನರಿಗೆ ಗೊತ್ತು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಗಂಗ ದೊರೆ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಏರ್ಪಾಡು ಮಾಡಿದ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮೈಲಾರಲಿಂಗನ ಗೊರವರಿಗೆ ನಾಯಿ ದೇವರ ಪರಿವಾರ. ಮುಧೋಳದ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. ಸಂತೋಷವೇ. ಆದರೆ ಮಂದೆ ಕಾಯುವ ಈ ಹೆಸರಿಲ್ಲದ ತಳಿಗೆ ಒಂದು ಚುಚ್ಚುಮದ್ದಿನ ಚೀಟಿಯೂ, ಒಂದು ಹುಳುವಿನ ಮಾತ್ರೆಯೂ ಇಲ್ಲವಲ್ಲ ಎಂಬುದು ನನ್ನ ಸಂಕಟ.

ಆ ಸಂಕಟಕ್ಕೆ ಕಾರಣ ಮಂದೆಯಲ್ಲೇ ಕಂಡಿತು. ಒಂದು ಎಳೆಯ ಕುರಿ ತಲೆ ಓರೆ ಮಾಡಿಕೊಂಡು ಎಡಕ್ಕೇ ಸುತ್ತುತ್ತಿತ್ತು. ಮುಂದೆ ಹೋಗಲು ನೋಡಿದರೂ ಮತ್ತೆ ಸುತ್ತು. “ಇದು ಉಳಿಯಲ್ಲ” ಎಂದರು ಅಜ್ಜ. ಇಂಥ ಕುರಿ ಕೊಯ್ದಾಗ ತಲೆಬುರುಡೆ ಯಾರಿಗೆ ಎಂದೆ. “ನಾಯಿಗೆ, ಇನ್ಯಾರಿಗೆ?”

ರೋಗ ತಿರುಗುವುದು ಅಲ್ಲೇ. ಸುತ್ತುವ ಕುರಿಯ ಮಿದುಳಿನಲ್ಲಿ ನೀರು ತುಂಬಿದ ಗುಳ್ಳೆಯೊಂದು ಬೆಳೆದಿರುತ್ತದೆ. ಒಳಗೆ ಅಕ್ಕಿನುಚ್ಚಿನಂಥ ಬಿಳಿ ಕಾಳುಗಳು. ಒಂದೊಂದು ಕಾಳೂ ಒಂದೊಂದು ಲಾಡಿಹುಳುವಿನ ತಲೆ. ಹಸಿ ಮಿದುಳು ತಿಂದ ನಾಯಿಯ ಕರುಳಿನಲ್ಲಿ ಅವು ಆರೇಳು ವಾರದಲ್ಲಿ ಬೆಳೆದು ಮೊಟ್ಟೆ ಬಿಡತೊಡಗುತ್ತವೆ. ನಾಯಿ ಹೊಲದಲ್ಲಿ ಹೇಸಿಗೆ ಮಾಡುತ್ತದೆ, ಮೊಟ್ಟೆ ಹುಲ್ಲಿಗೆ ಅಂಟುತ್ತದೆ, ಹುಲ್ಲು ಕುರಿಯ ಹೊಟ್ಟೆಗೆ ಹೋಗುತ್ತದೆ. ಇಷ್ಟಾದರೂ ನಾಯಿ ಗಟ್ಟಿಮುಟ್ಟಾಗಿಯೇ ಕಾಣುವುದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ತೋಳದಿಂದ ಕುರಿ ಕಾಯುವ ನಾಯಿಯೇ, ತನಗರಿವಿಲ್ಲದೆ, ಕುರಿಗೆ ಸಾವು ಹಂಚುತ್ತದೆ. ಈ ಲಾಡಿಹುಳುವಿನ ಹತ್ತಿರದ ಬಂಧುವಾದ, ನಾಯಿಯ ಕರುಳಿನಲ್ಲೇ ಬಾಳುವ ಮತ್ತೊಂದು ಹುಳು ಅರ್ಧ ಸೆಂಟಿಮೀಟರಿನಷ್ಟೇ ಉದ್ದ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ದೊಡ್ಡ ಗುಳ್ಳೆ ಕಟ್ಟುತ್ತದೆ. ನಾಯಿಯನ್ನು ಮುದ್ದಾಡಿದ ಮಕ್ಕಳು ಸೋಪು ಹಾಕಿ ಕೈ ತೊಳೆದು ಊಟಕ್ಕೆ ಕೂರಬೇಕು ಎನ್ನುವುದು ಇದಕ್ಕೇ.

ತಡೆಯುವ ದಾರಿ ಕಷ್ಟದ್ದಲ್ಲ. ಸತ್ತ ಕುರಿಯ ತಲೆ, ಪಿತ್ತಜನಕಾಂಗ, ಶ್ವಾಸಕೋಶ ಯಾವುದನ್ನೂ ಹಸಿಯಾಗಿ ನಾಯಿಗೆ ಹಾಕಬೇಡಿ. ಸುಡಿ, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿ. ಮೂರು ತಿಂಗಳಿಗೊಮ್ಮೆಯಾದರೂ ಪಶುವೈದ್ಯರನ್ನು ಕೇಳಿ, ನಾಯಿಯ ತೂಕಕ್ಕೆ ತಕ್ಕ ಪ್ರಾಜಿಕ್ವಾಂಟೆಲ್ ಇರುವ ಹುಳುವಿನ ಮಾತ್ರೆ ಕೊಡಿ. ಕುರಿಗೆ ತಪ್ಪದೆ ಔಷಧಿ ಕುಡಿಸುವವರು ನಾಯಿಯನ್ನು ಬಿಟ್ಟರೆ ಕುರಿಯ ಮಿದುಳಿಗೆ ಬರುವ ಈ ಹುಳು ನಿಲ್ಲುವುದಿಲ್ಲ.

ಮಾತ್ರೆಯಷ್ಟೇ ಸಾಲದು: ಮೂರು ತಿಂಗಳ ಮರಿಗೆ ರೇಬಿಸ್ ಚುಚ್ಚುಮದ್ದು, ಆಮೇಲೆ ವರ್ಷ ವರ್ಷವೂ ತಪ್ಪದೆ. ಯಾರನ್ನಾದರೂ ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ನಾಟಿ ಮದ್ದು ಹಚ್ಚಿ ಕೂರಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ.

ಹೊರಡುವಾಗ ಅಜ್ಜನಿಗೆ ಈ ಹುಳುವಿನ ಕಥೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ತಪ್ಪು ನಾಯೀದಲ್ಲ, ನಮ್ಮದು” ಎಂದರು. ಕುರಿ ಸಾಕುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇಷ್ಟೇ: ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಸಂಖ್ಯೆ 1962, ಆಂಧ್ರದಲ್ಲೂ ಅದೇ, ಕರ್ನಾಟಕದಲ್ಲೂ ಅದೇ. ಮುಂದಿನ ಸಲ ಮಂದೆಗೆ ವೈದ್ಯರು ಬಂದಾಗ ನಾಯಿಯನ್ನೂ ಹಿಡಿದು ನಿಲ್ಲಿಸಿ.