ಕ್ಲಚ್ ಕಚ್ಚಿಕೊಂಡರೆ ಹಳೇ ಕಾರು ಗುಜರಿಗಾ? ಮೊದಲು ಈ ಕ್ರಮದಲ್ಲಿ ನೋಡಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಿ.ಎಚ್. ರಸ್ತೆಯಲ್ಲಿ 20 ಕಿ.ಮೀ. ಆಸುಪಾಸು. ಮಾಚೇನಹಳ್ಳಿ ದಾಟಿ ಊರೊಳಗೆ ಬಂದಿದ್ದೀರಿ, ಸಿಗ್ನಲ್ ಬಿತ್ತು. ಕ್ಲಚ್ ಒತ್ತಿ ನಿಂತಿರಿ. ಹಸಿರು ಬಂದಾಗ ಕಾಲು ಮೇಲೆತ್ತಿದರೆ ಪೆಡಲ್ ಮಾತ್ರ ಕೆಳಗೇ ಕೂತಿದೆ. ಹಿಂದಿನಿಂದ ಹಾರ್ನ್ ಶುರು. ಹೇಗೋ ತಳ್ಳಿಕೊಂಡು ಗ್ಯಾರೇಜ್ ಮುಟ್ಟಿಸಿದರೆ ಕೇಳಿಬರುವ ಮೊದಲ ಮಾತು, "ಕ್ಲಚ್ ಸೆಟ್ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸ್ಬೇಕು." ಎರಡನೇ ಮಾತು ಮನೆಯವರದ್ದು: "ಇಷ್ಟು ಹಳೇ ಗಾಡಿಗೆ ಯಾಕೆ ಅಷ್ಟು ದುಡ್ಡು ಸುರಿಯೋದು, ಗುಜರಿಗೆ ಹಾಕು."

ಎರಡೂ ಮಾತು ನಿಜವಿರಬಹುದು. ಆದರೆ ಪರೀಕ್ಷೆ ಮಾಡದೆ ಎರಡನ್ನೂ ಒಪ್ಪಬೇಕಿಲ್ಲ.

ಗುಜರಿ ಮಾತಿನ ಹಿಂದೆ

15 ವರ್ಷ ತುಂಬಿದ ಖಾಸಗಿ ಕಾರನ್ನು ಗುಜರಿಗೆ ಹಾಕಲೇಬೇಕು ಎಂಬ ನಂಬಿಕೆ ಸಾಕಷ್ಟು ಜನರಲ್ಲಿದೆ. ಕರ್ನಾಟಕದಲ್ಲಿ ಅಂಥ ನಿಯಮ ಇಲ್ಲ. 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ್ದಕ್ಕೇ ರಸ್ತೆಯಿಂದ ಇಳಿಯಬೇಕಾಗಿದ್ದು ಸರ್ಕಾರಿ ವಾಹನಗಳು. ಖಾಸಗಿ ಕಾರು ಎಫ್‌ಸಿ ಪಾಸಾದರೆ ಆರ್‌ಸಿ ಮತ್ತೆ 5 ವರ್ಷಕ್ಕೆ ನವೀಕರಣ ಆಗುತ್ತೆ. ಶುಲ್ಕ ಮಾತ್ರ ಏರಿದೆ. 2022ರ ಏಪ್ರಿಲ್‌ನಲ್ಲಿ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಹೋಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಅದು 10,000 ಆಯಿತು.

ಭದ್ರಾವತಿಯಂಥ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಎಂಪಿಎಂ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದು 2015ರಲ್ಲಿ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಬಂತು, ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು. ಸಂಬಳ ನಿಂತ ಮನೆಗೆ ಹೊಸ ಕಾರಿನ ಇಎಂಐ ದೂರದ ಮಾತು. ಅಲ್ಲಿ ಹಳೇ ಮಾರುತಿ 800, ಓಮ್ನಿ ಅಂದರೆ ಆಸ್ಪತ್ರೆಗೆ ಹೋಗೋ ಗಾಡಿ, ಸಂತೆಗೆ ಸರಕು ಒಯ್ಯೋ ಗಾಡಿ.

ಏನಾಗಿದೆ ಅಂತ ಮೊದಲು ಬೇರ್ಪಡಿಸಿ

ಎಂಜಿನ್ನಿನ ಫ್ಲೈವೀಲ್ ಸದಾ ತಿರುಗುತ್ತಿರುತ್ತೆ. ಅದಕ್ಕೆ ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯೋದು ಪ್ರೆಷರ್ ಪ್ಲೇಟ್. ನೀವು ಪೆಡಲ್ ಒತ್ತಿದಾಗ ಆ ಹಿಡಿತ ಸಡಿಲಾಗಿ, ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ಸಂಪರ್ಕ ತಪ್ಪುತ್ತೆ. "ಕ್ಲಚ್ ಪ್ರಾಬ್ಲಂ" ಅನ್ನೋ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆ ಅಡಗಿವೆ:

ಒಂದು, ಪೆಡಲ್ ಮೇಲೇಳಲ್ಲ ಅಥವಾ ನಿಧಾನಕ್ಕೆ ಏಳುತ್ತೆ.

ಎರಡು, ಪೆಡಲ್ ಸರಿ ಇದೆ, ಆದರೆ ಪೂರ್ತಿ ಒತ್ತಿದರೂ ಹಿಡಿತ ಬಿಡಲ್ಲ. ಗೇರ್ ಬೀಳಲ್ಲ, ರಿವರ್ಸ್‌ಗೆ ಹಾಕಿದರೆ ಕರ್‌ರ್ ಅನ್ನುತ್ತೆ.

ಮೂರು, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತೆ, ಗಾಡಿ ಓಡಲ್ಲ. ಏರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ.

ಪ್ಲೇಟ್ ಸವೆದಾಗ ಸಾಮಾನ್ಯವಾಗಿ ಕಾಣೋದು ಮೂರನೆಯದು. ಮೊದಲ ಎರಡರಲ್ಲಿ ದೋಷ ಎಷ್ಟೋ ಸಲ ಗೇರ್ ಬಾಕ್ಸ್‌ನ ಹೊರಗೇ ಇರುತ್ತೆ. ಹಾಗಾಗಿ ಹೊರಗಿನಿಂದ ಒಳಕ್ಕೆ ನೋಡುತ್ತಾ ಹೋಗಬೇಕು.

ಪೆಡಲ್ ಹತ್ತಿರ

ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಬಗ್ಗಿ ನೋಡಿ. ಕಾಲಡಿಯ ಮ್ಯಾಟ್ ಪೆಡಲ್‌ಗೆ ಸಿಕ್ಕಿಕೊಂಡಿದೆಯಾ? ರಿಟರ್ನ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಅದು ಕಳಚಿದೆಯಾ? ಪೆಡಲ್ ತಿರುಗುವ ಪಿನ್ ತುಕ್ಕು ಹಿಡಿದಿದೆಯಾ? ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ನೀರು ಇಳಿಯೋದೇ ಅಲ್ಲಿಗೆ. ಪಿನ್ ಸ್ವಚ್ಛ ಮಾಡಿ ಗ್ರೀಸ್ ಹಾಕಿದರೆ ಕೆಲವು ಗಾಡಿಗಳ ಕಥೆ ಇಲ್ಲಿಗೇ ಮುಗಿಯುತ್ತೆ.

ಕೇಬಲ್

ಮಾರುತಿ 800, ಓಮ್ನಿಯಂಥ ಗಾಡಿಗಳಲ್ಲಿ ಪೆಡಲ್‌ನಿಂದ ಗೇರ್ ಬಾಕ್ಸ್‌ವರೆಗೆ ಹೋಗೋದು ಕ್ಲಚ್ ಕೇಬಲ್. ಗೇರ್ ಬಾಕ್ಸ್ ಕಡೆಯ ತುದಿ ಬಿಚ್ಚಿಸಿ, ಒಳಗಿನ ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು ನೋಡಿ. ಸಲೀಸಾಗಿ ಜಾರಬೇಕು. ಬಿಗಿಯಾಗಿದ್ದರೆ, ಎಳೆ ಕಿತ್ತಿದ್ದರೆ ಹೊಸದು ಹಾಕಿಸಿ. ತುಕ್ಕು ಹಿಡಿದ ಕೇಬಲ್‌ಗೆ ಎಣ್ಣೆ ಬಿಟ್ಟು ದಿನ ತಳ್ಳಿದರೆ ನಡುರಸ್ತೆಯಲ್ಲಿ ಕೈಕೊಡುತ್ತೆ. ತಂತಿ ಜಾರುತ್ತಿದ್ದರೆ, ಮುಂದೆ ನೋಡಬೇಕಾಗಿದ್ದು ಗೇರ್ ಬಾಕ್ಸ್ ಮೇಲಿನ ರಿಲೀಸ್ ಲಿವರ್. ಅದರ ಬುಷ್ ತುಕ್ಕಾಗಿ ಬಿಗಿದಿದ್ದರೂ ಪೆಡಲ್ ವಾಪಸ್ ಬರಲ್ಲ.

ಹೊಸ ಕೇಬಲ್ ಕೆಲವೇ ದಿನಕ್ಕೆ ಮತ್ತೆ ಕಚ್ಚಿಕೊಂಡರೆ ಎಂಜಿನ್‌ನ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಪಟ್ಟಿ ತುಂಡಾಗಿದ್ದರೆ ಸ್ಟಾರ್ಟ್ ಮಾಡುವಾಗಿನ ಕರೆಂಟ್ ಕ್ಲಚ್ ಕೇಬಲ್ ಮೂಲಕವೇ ಹರಿದು, ತಂತಿ ಕಾದು ಒಳಗಿನ ಹೊದಿಕೆ ಕರಗುತ್ತೆ. ಎಷ್ಟು ಕೇಬಲ್ ಬದಲಿಸಿದರೂ ಅದೇ ಕಥೆ.

ಕೊನೆಗೆ ಫ್ರೀ ಪ್ಲೇ, ಅಂದರೆ ಪೆಡಲ್ ಕೆಲಸ ಶುರು ಮಾಡುವ ಮುಂಚಿನ ಸಡಿಲ. ಹಲವು ಹಳೇ ಕಾರುಗಳಲ್ಲಿ ಇದು 15ರಿಂದ 25 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಳತೆ ಇರುತ್ತೆ. ಜಾಸ್ತಿ ಆದರೆ ಗೇರ್ ಬೀಳಲ್ಲ. ಇಲ್ಲವೇ ಇಲ್ಲ ಅಂದರೆ ಪ್ಲೇಟ್ ಜಾರಿ ಬೇಗ ಸವೆಯುತ್ತೆ. ಸರಿ ಮಾಡೋದಕ್ಕೆ ಒಂದು ನಟ್ ತಿರುಗಿಸಿದರೆ ಸಾಕು.

ಆಯಿಲ್ ಕ್ಲಚ್ ಆದರೆ

ಕೇಬಲ್ ಬದಲು ಬ್ರೇಕ್ ಆಯಿಲ್‌ನ ಒತ್ತಡದಿಂದ ಕೆಲಸ ಮಾಡುವ ಗಾಡಿಗಳಲ್ಲಿ ಮೊದಲು ಡಬ್ಬಿಯ ಮಟ್ಟ ನೋಡಿ. ಇಳಿದಿದ್ದರೆ ಎಲ್ಲೋ ಸೋರಿದೆ: ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರ್, ಇಲ್ಲವೇ ಗೇರ್ ಬಾಕ್ಸ್ ಹತ್ತಿರದ ಸ್ಲೇವ್ ಸಿಲಿಂಡರ್. ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ ಇದ್ದರೆ ಅಸಡ್ಡೆ ಬೇಡ, ಬ್ರೇಕ್ ಕೂಡ ಕೈಕೊಡಬಹುದು. ಎರಡು ಮೂರು ಸಲ ಪಂಪ್ ಮಾಡಿದರೆ ಪೆಡಲ್ ಸರಿಯಾಗುತ್ತೆ ಅಂದರೆ ಏರ್ ಸೇರಿದೆ, ಬ್ಲೀಡಿಂಗ್ ಆಗಬೇಕು. ತುರ್ತಿಗೆ ಎಂಜಿನ್ ಆಯಿಲ್ ಸುರಿಯಲೇಬೇಡಿ, ರಬ್ಬರ್ ಸೀಲುಗಳು ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತೆ.

ಗೇರ್ ಬಾಕ್ಸ್ ಇಳಿಸುವ ಹೊತ್ತು

ಇವೆಲ್ಲ ಸರಿ ಇದ್ದೂ ಕ್ಲಚ್ ಬಿಡದಿದ್ದರೆ ದೋಷ ಒಳಗಿದೆ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಮಳೆಗಾಲವಿಡೀ ನಿಂತಿದ್ದ ಗಾಡಿಯಾದರೆ ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೆ ಅಂಟಿರಬಹುದು. ಅದನ್ನು ಬಿಡಿಸಲು ಗೇರ್‌ನಲ್ಲಿಟ್ಟೇ ಸ್ಟಾರ್ಟ್ ಮಾಡುವವರಿದ್ದಾರೆ. ಗಾಡಿ ತಕ್ಷಣ ಮುನ್ನುಗ್ಗುತ್ತೆ, ಮನೆಯಂಗಳದಲ್ಲಿ ಆ ಸಾಹಸ ಬೇಡ.

ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸೋದು ಲೇಸು, ಕೂಲಿ ಎರಡು ಸಲ ಬೀಳಲ್ಲ. ಒಳಗಿನ ದೂಳನ್ನು ಏರ್ ಹೊಡೆದು ಊದಬೇಡಿ ಅಂತ ಹೇಳಿ. ಹಳೇ ಪ್ಲೇಟುಗಳಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಇರಬಹುದು. ಅದನ್ನು ಕುಡಿಯೋದು ಗಾಡಿ ಕೆಳಗೆ ಮಲಗಿರೋ ಹುಡುಗ.

ದುಡ್ಡು ಕೊಡಬೇಕಾಗಿದ್ದು ಯಾವುದಕ್ಕೆ?

ಇಷ್ಟೆಲ್ಲ ಹೇಳಿದ್ದು ಮೆಕ್ಯಾನಿಕ್‌ನನ್ನು ಕಳ್ಳನಂತೆ ನೋಡಲಿ ಅಂತ ಅಲ್ಲ. ಹತ್ತು ನಿಮಿಷ ನೋಡಿ, "ಕೇಬಲ್ ಟೈಟ್ ಮಾಡಿದೀನಿ, ಸರಿಯಾಯ್ತು" ಅಂದವನಿಗೆ ನಾವು ಕೊಡೋದು ಟೀ ದುಡ್ಡು. ಅದೇ ಕ್ಲಚ್ ಸೆಟ್ ಬದಲಿಸಿದರೆ ಬಿಲ್ ಕೇಳದೇ ಸಾವಿರಗಟ್ಟಲೆ ಎಣಿಸುತ್ತೇವೆ. ಸಾಮಾನಿಗೆ ಬೆಲೆ ಇದೆ, ದೋಷ ಕಂಡುಹಿಡಿಯುವ ವಿದ್ಯೆಗೆ ಇಲ್ಲ. ಹಾಗಿದ್ದಾಗ ರಿಪೇರಿ ಮಾಡುವವನು ಬದಲಿಸು ಅನ್ನದೆ ಇನ್ನೇನು ಅಂದಾನು?

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಆ ಹಕ್ಕು ಕಂಪನಿಗಳು ಬಿಡಿಭಾಗ, ಕೈಪಿಡಿ ಕೊಡೋದಕ್ಕಷ್ಟೇ ನಿಂತರೆ ಸಾಲದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲೋ, ಭದ್ರಾವತಿಯ ಗಲ್ಲಿಯ ಶೆಡ್ಡಿನಲ್ಲೋ ಕೂತ ಕೈಗೆ ಸರಿಯಾದ ಕೂಲಿ ಸಿಗಬೇಕು.

ಮುಂದಿನ ಸಲ ಕ್ಲಚ್ ಕಚ್ಚಿಕೊಂಡಾಗ ಹೀಗೆ ಹೇಳಿ ನೋಡಿ: "ಅಣ್ಣಾ, ಮೊದ್ಲು ಪೆಡಲ್, ಕೇಬಲ್ ನೋಡಿ. ನೋಡಿದ್ದಕ್ಕೂ ಕೂಲಿ ಕೊಡ್ತೀನಿ. ಬದಲಾಯಿಸಿದ ಹಳೇ ಸಾಮಾನು ನನಗೇ ಕೊಡಿ."